ಟಕ್ ಎಂದ ಮಾತ್ರಕ್ಕೆ ಲಾಕ್ ಕೂತಿದೆ ಎಂದು ನಂಬಬೇಡಿ

ಬಲಗೈ ತೋರುಬೆರಳಿಗೆ ಐದು ಹೊಲಿಗೆ ಬಿದ್ದು ಮೂರು ತಿಂಗಳಾಯಿತು. ಗಾಯ ಮಾಯ್ದಿದೆ, ಬೆರಳು ಮಡಚಲು ಬರುತ್ತದೆ, ಆದರೆ ತುದಿಯ ಒಂದು ಪಕ್ಕ ಇನ್ನೂ ಜೋಮು ಹಿಡಿದ ಹಾಗೆಯೇ ಇದೆ. ಅಂಗಿಯ ಗುಂಡಿ ಹಾಕುವಾಗ ದಿನಾ ಗೊತ್ತಾಗುತ್ತದೆ. ಮಡಚುವ ಚಾಕು ಜೇಬಿನಲ್ಲಿಟ್ಟುಕೊಂಡು ಓಡಾಡುವವರು, ಅದರಲ್ಲೂ ತೆರೆದ ಅಲಗು ಮಡಚಿಕೊಳ್ಳದಂತೆ ತಡೆಯಲು ಲೈನರ್ ಲಾಕ್ ಇರುವುದನ್ನು ಬಳಸುವವರು, ದಯವಿಟ್ಟು ಇದನ್ನು ಪೂರ್ತಿ ಓದಿ.

ದಪ್ಪನೆಯ ಪ್ಲಾಸ್ಟಿಕ್ ಡ್ರಮ್ಮಿನ ಮುಚ್ಚಳಕ್ಕೆ ಪೈಪು ಹಾಯುವಷ್ಟು ತೂತು ಮಾಡಬೇಕಿತ್ತು. ಡ್ರಿಲ್ ಪಕ್ಕದ ಕೋಣೆಯಲ್ಲಿತ್ತು, ಚಾಕು ಕೈಯಲ್ಲಿತ್ತು. ಮೊನೆ ಊರಿ ಒತ್ತಿದೆ. ಅರ್ಧ ಇಳಿದು ಕಚ್ಚಿಕೊಂಡಿತು. ಬಿಡಿಸಲೆಂದು ಹಿಡಿಯನ್ನು ತಿರುಚುತ್ತಾ ಹಿಂದೆ ಮುಂದೆ ಅಲ್ಲಾಡಿಸಿದೆ. ಅಲಗಿನ ಬೆನ್ನಿಗೆ ಭಾರ ಬಿದ್ದದ್ದೇ ತಡ, ಲಾಕ್ ಜಾರಿ ಅಲಗು ಮಡಚಿಕೊಂಡಿತು. ಒಂದು ಸದ್ದೂ ಇಲ್ಲ. ಬಿಳಿ ಮುಚ್ಚಳದ ಮೇಲೆ ರಕ್ತ ಕಂಡ ಮೇಲೇ ಬೆರಳು ಕೊಯ್ದಿದೆ ಎಂದು ತಿಳಿದದ್ದು. ನರಕ್ಕೆ ತಾಗಿದೆ, ಸ್ನಾಯುರಜ್ಜು ಉಳಿದಿದೆ ಎಂದರು ವೈದ್ಯರು.

ಕೈಗೆ ಕಟ್ಟು ಹಾಕಿಕೊಂಡೇ ಆ ಚಾಕುವನ್ನು ಭೂತಗನ್ನಡಿಯಲ್ಲಿ ನೋಡಿದೆ. ಲೈನರ್ ಲಾಕ್ ಎಂದರೆ ಹಿಡಿಯ ಒಳಗಿರುವ ತೆಳು ಉಕ್ಕಿನ ಪಟ್ಟಿ. ಅಲಗು ತೆರೆದಾಗ ಅದು ಸ್ಪ್ರಿಂಗಿನಂತೆ ಒಳಕ್ಕೆ ಚಿಮ್ಮಿ ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಅಲಗಿನ ಬುಡವನ್ನು ತುಸು ಓರೆಯಾಗಿ ಉಜ್ಜಿರುತ್ತಾರೆ. ಆ ಓರೆಯೂ ಪಟ್ಟಿಯ ತುದಿಯೂ ಒಂದಕ್ಕೊಂದು ಸರಿಯಾಗಿ ಕೂತರೆ ಮಾತ್ರ ಹಿಡಿತ. ನನ್ನದರಲ್ಲಿ ಪಟ್ಟಿ ಬುಡದ ಅಂಚನ್ನು ಕೂದಲೆಳೆಯಷ್ಟು ಮಾತ್ರ ಮುಟ್ಟುತ್ತಿತ್ತು. ಮುಟ್ಟುವ ಆ ಮೂಲೆ ಸವೆದು ಗುಂಡಗಾಗಿ ಹೊಳೆಯುತ್ತಿತ್ತು. ಸಾಲದ್ದಕ್ಕೆ, ಹಿಂದಿನ ವಾರ ನಾನೇ ಅಲಗು ತಿರುಗುವ ಕೀಲಿಗೆ ಎಣ್ಣೆ ಬಿಟ್ಟಿದ್ದೆ. ಅದು ಹರಿದು ಲಾಕಿನ ಮುಖಕ್ಕೂ ತಾಗಿತ್ತು. ಅಲಗು ಮೇಲೆ ಕೆಳಗೆ ಸ್ವಲ್ಪ ಆಡುತ್ತಿದ್ದದ್ದು ಎರಡು ತಿಂಗಳಿನಿಂದ ನನಗೆ ಗೊತ್ತಿತ್ತು. ತಿರುಪು ಬಿಗಿ ಮಾಡಿ ಸುಮ್ಮನಾಗಿದ್ದೆ. ತೆರೆದಾಗಲೆಲ್ಲ ಟಕ್ ಎಂಬ ಗಟ್ಟಿ ಸದ್ದು ಬರುತ್ತಿತ್ತಲ್ಲ, ಅದೇ ನನ್ನನ್ನು ಮೋಸ ಮಾಡಿದ್ದು.

ಈ ಲಾಕೇ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಇದರ ಹಳೆಯ ರೂಪಕ್ಕೆ 1906ರಲ್ಲೇ ಪೇಟೆಂಟ್ ಸಿಕ್ಕಿತ್ತು. 1980ರ ದಶಕದಲ್ಲಿ ಮೈಕಲ್ ವಾಕರ್ ಎಂಬ ಚಾಕು ತಯಾರಕರು ಅದನ್ನು ಈಗಿನ ರೂಪಕ್ಕೆ ತಂದರು. ಚೆನ್ನಾಗಿ ಮಾಡಿದ ಲೈನರ್ ಲಾಕುಗಳು ವರ್ಷಗಟ್ಟಲೆ ದುಡಿಯುತ್ತವೆ. ಆದರೆ ಎಲ್ಲವೂ ಕೂದಲೆಳೆಯ ಲೆಕ್ಕದಲ್ಲಿ ನಿಂತಿರುವುದರಿಂದ ಅಗ್ಗದ ತಯಾರಿಕೆಯಲ್ಲಿ ಬಲುಬೇಗ ಕೈಕೊಡುವುದೂ ಇದೇ. ಹಿಡಿಯನ್ನು ಬಿಗಿಯಾಗಿ ತಿರುಚಿದಾಗ ಬೆರಳಿನ ಮಾಂಸವೇ ಪಟ್ಟಿಯನ್ನು ಪಕ್ಕಕ್ಕೆ ತಳ್ಳುವುದೂ ಉಂಟು.

ಫ್ರೇಮ್ ಲಾಕಿನಲ್ಲಿ ಹಿಡಿಯ ಒಂದು ಭಾಗವೇ ಪಟ್ಟಿಯ ಕೆಲಸ ಮಾಡುತ್ತದೆ. ಅದು ದಪ್ಪ, ಮುಷ್ಟಿ ಬಿಗಿದಷ್ಟೂ ಇನ್ನೂ ಒಳಕ್ಕೆ ಒತ್ತಿಕೊಳ್ಳುತ್ತದೆ. ಟೈಟೇನಿಯಂ ಆದರೆ ಸವೆತ ಹೆಚ್ಚು. ಹಾಗಾಗಿ ತುದಿಗೆ ಉಕ್ಕಿನ ತುಂಡು ಕೂರಿಸಿದ್ದಾರೆಯೇ ನೋಡಿಕೊಳ್ಳಿ. ಹಿಡಿಯ ಬೆನ್ನಿನ ಮೇಲಿರುವ ಸನ್ನೆ (ಸನ್ನೆಕೋಲು) ಅಲಗಿನ ಬುಡದ ಕಚ್ಚಿನೊಳಗೆ ಇಳಿದು ಹಿಡಿಯುವ ಬ್ಯಾಕ್ ಲಾಕ್ ನನಗೆ ಇದಕ್ಕಿಂತ ನಂಬಿಕೆಯದ್ದು. ಆದರೆ ಜೇಬಿನ ನೂಲು, ದೂಳು ಕಚ್ಚಿನೊಳಗೆ ತುಂಬಿಕೊಂಡರೆ ಸನ್ನೆ ಪೂರ್ತಿ ಇಳಿಯುವುದಿಲ್ಲ. ಆಗಲೂ ಅಲಗು ನೆಟ್ಟಗೇ ನಿಂತಂತೆ ಕಾಣುತ್ತದೆ, ಅದೇ ಅಪಾಯ. ಹಲ್ಲುಕಡ್ಡಿಯಿಂದ ಆಗಾಗ ಕೆದಕಿ ತೆಗೆಯಿರಿ. ಗಟ್ಟಿ ಹಿಡಿತದಲ್ಲಿ ಅಂಗೈ ಸನ್ನೆಯನ್ನು ಅದುಮಿ ಲಾಕ್ ಬಿಟ್ಟುಕೊಳ್ಳದಿರಲೆಂದು ಕೆಲವು ಚಾಕುಗಳಲ್ಲಿ ಸನ್ನೆಯ ತುದಿಯನ್ನು ಸ್ವಲ್ಪ ತಗ್ಗಾಗಿ ಕೊರೆದಿರುತ್ತಾರೆ. ಡೇವಿಡ್ ಬೋಯ್ ಎಂಬ ಚಾಕು ತಯಾರಕರ ಉಪಾಯ ಅದು. ಸಣ್ಣದಾದರೂ ದೊಡ್ಡ ಉಪಕಾರ.

ಓಪಿನೆಲ್ ಎಂಬ ಮರದ ಹಿಡಿಯ ಫ್ರೆಂಚ್ ಚಾಕುವಿಗೆ 1955ರಲ್ಲಿ ಬಂದ ಉಂಗುರದ ಲಾಕ್ ನೋಡಿದರೆ ಯಾವ ಜಾಣತನವೂ ಇಲ್ಲದಂತೆ ಕಾಣುತ್ತದೆ. ಉಂಗುರ ತಿರುಗಿಸಿದರೆ ಅಲಗಿಗೆ ಅಡ್ಡ ಬರುತ್ತದೆ, ಅಷ್ಟೆ. ತಿರುಗಿಸಲು ಮರೆತರೆ ಲಾಕ್ ಇಲ್ಲ. ಆದರೆ ತಿರುಗಿಸಿದ್ದೀರೋ ಇಲ್ಲವೋ ಕಣ್ಣಿಗೆ ಕಾಣುತ್ತದೆ, ನನಗೆ ಅದು ಬಹಳ ಇಷ್ಟ.

ಈಗ ನಾನು ಕೊಂಡಿರುವುದು ಅಡ್ಡಕಂಬಿ ಲಾಕ್. ಬೆಂಚ್‌ಮೇಡ್ ಕಂಪನಿ 1998ರಲ್ಲಿ ಆಕ್ಸಿಸ್ ಎಂಬ ಹೆಸರಿನಲ್ಲಿ ತಂದ ಬಗೆ ಇದು. ಹಿಡಿಯ ಎರಡೂ ಪಕ್ಕಕ್ಕೆ ಹಾಯುವ ಉಕ್ಕಿನ ಕಂಬಿಯನ್ನು ಎರಡು ಸಣ್ಣ ತಂತಿ ಸ್ಪ್ರಿಂಗುಗಳು ಮುಂದಕ್ಕೆ ಒತ್ತಿ ಅಲಗಿನ ಬುಡಕ್ಕೆ ಅಡ್ಡ ನಿಲ್ಲಿಸುತ್ತವೆ. ಆ ಸ್ಪ್ರಿಂಗುಗಳು ಮುರಿಯುವುದುಂಟು. ಒಂದು ಮುರಿದರೂ ಇನ್ನೊಂದು ಹಿಡಿದಿರುತ್ತದೆ, ಆದರೆ ಕಂಬಿ ಸೋತಂತೆ ಅನ್ನಿಸಿದ ದಿನವೇ ಬದಲಿಸಿ. ನಾನು ಆರಿಸಿದ ಕಾರಣ ಬೇರೆ: ಮಡಚುವಾಗ ಬೆರಳು ಅಲಗಿನ ದಾರಿಗೆ ಬರಬೇಕಾಗಿಲ್ಲ. ಲೈನರ್ ಮತ್ತು ಫ್ರೇಮ್ ಲಾಕುಗಳಲ್ಲಿ ಹೆಬ್ಬೆರಳನ್ನು ಅದೇ ದಾರಿಯಲ್ಲಿಟ್ಟು ಪಟ್ಟಿ ಸರಿಸಬೇಕು.

ಲಾಕೇ ಇಲ್ಲದ, ಬರೀ ಸ್ಪ್ರಿಂಗಿನ ಹಳೆಯ ಚಾಕು ಹತ್ತು ವರ್ಷ ಬಳಸಿದ್ದೇನೆ, ಒಮ್ಮೆಯೂ ಹೀಗೆ ಕೊಯ್ದುಕೊಂಡಿಲ್ಲ. ಅದು ಮಡಚಿಕೊಳ್ಳುತ್ತದೆ ಎಂದು ಕೈಗೇ ಗೊತ್ತಿತ್ತು. ಲಾಕ್ ಇದೆ ಎಂಬ ಧೈರ್ಯ ಬಂದ ಮೇಲೆಯೇ ಮೊನೆ ಊರಿ ಒತ್ತುವ ಕೆಲಸಕ್ಕೆ ಇಳಿದದ್ದು.

ನಿಮ್ಮ ಚಾಕುವನ್ನು ಇವತ್ತೇ ತೆರೆದು ಬೆಳಕಿಗೆ ಹಿಡಿಯಿರಿ. ಪಟ್ಟಿ ಬುಡದ ಅಂಚಿನಲ್ಲೇ ನಿಂತಿದ್ದರೆ, ಇಲ್ಲವೇ ಪೂರ್ತಿ ದಾಟಿ ಹಿಡಿಯ ಎದುರು ಪಕ್ಕದ ಗೋಡೆಗೆ ತಾಗಿದ್ದರೆ, ಅದನ್ನು ಬಳಸಬೇಡಿ. ಲಾಕಿನ ಮುಖದ ಎಣ್ಣೆ ಒರೆಸಿ. ಆಮೇಲೆ ಹಿಡಿಯನ್ನು ಎರಡು ಪಕ್ಕದಿಂದ ಮಾತ್ರ ಹಿಡಿದು, ಒಂದು ಬೆರಳೂ ಅಲಗು ಇಳಿಯುವ ಕಡೆ ಇಲ್ಲದಂತೆ ನೋಡಿಕೊಂಡು, ಅಲಗಿನ ಬೆನ್ನನ್ನು ಮರದ ತುಂಡಿನ ಮೇಲೆ ಮೆಲ್ಲಗೆ ಒತ್ತಿ ನೋಡಿ. ಜೋರಾಗಿ ಬಡಿಯಬೇಡಿ, ಒಳ್ಳೆಯ ಲಾಕೂ ಕೆಡುತ್ತದೆ. ಒತ್ತಿದಾಗ ಪಟ್ಟಿ ಸ್ವಲ್ಪವಾದರೂ ಸರಿದದ್ದು ಕಂಡರೆ ಟೇಪು ಸುತ್ತಿ ಎತ್ತಿಡಿ, ಮನೆಯಲ್ಲಿ ಬೇರೆಯವರ ಕೈಗೂ ಸಿಗದಂತೆ. ನನ್ನದು ಹಾಗೇ ಟೇಪು ಸುತ್ತಿಕೊಂಡು ಪೆಟ್ಟಿಗೆಯಲ್ಲಿದೆ. ಆ ತೂತನ್ನು ಆಮೇಲೆ ಡ್ರಿಲ್ಲಿನಿಂದ ಮಾಡಿದೆ, ಒಂದು ನಿಮಿಷವೂ ಹಿಡಿಯಲಿಲ್ಲ.