ರೆಕ್ಕೆ ಎಣಿಸಿ ನೋಡಿ ಅಂದರು: ಐನ್ಯಾಚುರಲಿಸ್ಟ್ ಬಳಸಿದ ಅನುಭವ

ಹೂವಿನ ಮೇಲೆ ಕೂತಿದ್ದ ಹಳದಿ-ಕಪ್ಪು ಪಟ್ಟೆಯ ಹುಳದ ಫೋಟೊ ತೆಗೆದು, ಗಿಡ-ಪ್ರಾಣಿಗಳನ್ನು ಗುರುತಿಸಲು ಬಳಸುವ ಐನ್ಯಾಚುರಲಿಸ್ಟ್ ಎಂಬ ಆ್ಯಪ್‌ಗೆ ಹಾಕಿದ್ದೆ. ಜೇನುನೊಣ ಅಂತ ಹೆಸರನ್ನೂ ಕೊಟ್ಟಿದ್ದೆ. ಸಂಜೆಯೊಳಗೆ ಯಾರೋ ಗುರುತು ಪರಿಚಯ ಇಲ್ಲದವರು ಬಂದು ಬೇರೆ ಹೆಸರು ಹಾಕಿದರು. ಅಷ್ಟಕ್ಕೇ ಬಿಡದೆ ಕಾರಣವನ್ನೂ ಬರೆದರು. ಇದು ಹೋವರ್‌ಫ್ಲೈ, ನೊಣಗಳ ಗುಂಪಿನದು. ತಲೆ ತುಂಬಾ ಕಣ್ಣೇ ಇದೆ, ಮೀಸೆ ಮೊಟಕು. ರೆಕ್ಕೆ ಎಣಿಸಿ ನೋಡಿ, ಒಂದೇ ಜೊತೆ. ಜೇನಿಗೆ ಎರಡು ಜೊತೆ ಇರುತ್ತದೆ, ನೊಣಗಳಲ್ಲಿ ಆ ಎರಡನೇ ಜೊತೆ ಪುಟ್ಟ ಗುಂಡಿನಂತೆ ಕುಗ್ಗಿ ಹಾರುವಾಗ ಸಮತೋಲನ ಕಾಯುವುದಕ್ಕೆ ಮಾತ್ರ ಉಳಿದುಕೊಂಡಿದೆ. ಫೋಟೊ ದೊಡ್ಡದು ಮಾಡಿ ಎಣಿಸಿದೆ. ಹೌದು, ಒಂದೇ ಜೊತೆ. ಅವತ್ತಿನಿಂದ ಪಟ್ಟೆ ಇರುವ ಹುಳ ಕಂಡರೆ ನಾನು ಮೊದಲು ನೋಡುವುದು ಅದರ ಮೀಸೆಯನ್ನು.

ಬಳಸದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. 2008ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ಇದನ್ನು ಓದಿನ ಕೊನೆಯ ಪ್ರಾಜೆಕ್ಟಾಗಿ ಶುರು ಮಾಡಿದರು. 2023ರಿಂದ ಇದು ಲಾಭ ನೋಡದ ಸ್ವತಂತ್ರ ಸಂಸ್ಥೆ. ಬಳಸಲು ದುಡ್ಡು ಕೊಡಬೇಕಿಲ್ಲ, ಜಾಹೀರಾತೂ ಇಲ್ಲ. ಗಿಡ, ಹುಳ, ಹಕ್ಕಿ, ಅಣಬೆ, ಯಾವುದರ ಫೋಟೊ ಹಾಕಿದರೂ ಕಂಪ್ಯೂಟರ್ ಒಂದಷ್ಟು ಹೆಸರು ಸೂಚಿಸುತ್ತದೆ. ಅದು ಬರೀ ಊಹೆ, ಆರಂಭಕ್ಕೆ ಸಾಕು. ನಿಜವಾದ ಕೆಲಸ ಆಮೇಲೆ ಮನುಷ್ಯರು ಮಾಡುತ್ತಾರೆ.

ಆ ಮನುಷ್ಯರಿಗೋಸ್ಕರವೇ ನಾನು ಈ ಆ್ಯಪ್‌ಗೆ ಐದಕ್ಕೆ ಐದು ಕೊಡುವುದು. ಇಲ್ಲಿ ನಾನು ಕೊಟ್ಟ ಹೆಸರಿನ ಕೆಳಗೆ ಅವರು ಕೊಟ್ಟ ಹೆಸರು ಬರುತ್ತದೆ, ನಾನು ಹಿಂದೆ ತೆಗೆದುಕೊಂಡರೂ ನನ್ನದು ಗೀಟು ಎಳೆದ ಹಾಗೆ ಅಲ್ಲೇ ಉಳಿಯುತ್ತದೆ. ಮುಂದೆ ನೋಡುವವರಿಗೆ ಎಲ್ಲಿ ತಪ್ಪುವ ಸಾಧ್ಯತೆ ಇದೆ ಅಂತ ಅದರಿಂದಲೇ ಗೊತ್ತಾಗುತ್ತದೆ, ಅಲ್ವಾ?

ಒಂದು ವಿಷಯ ಮಾತ್ರ ಹೊಸಬರು ದಯವಿಟ್ಟು ಗಮನಿಸಿ. ಯಾರಾದರೂ ತಿದ್ದಿದ ಕೂಡಲೇ ‘ಒಪ್ಪುತ್ತೇನೆ’ ಅನ್ನೋ ಗುಂಡಿ ಒತ್ತಬೇಡಿ. ಅವರು ಕಷ್ಟಪಟ್ಟು ಹೇಳಿದ್ದಾರೆ, ಒತ್ತದಿದ್ದರೆ ಚೆನ್ನಾಗಿರಲ್ಲ ಅಂತ ನಾನೂ ಶುರುವಿನಲ್ಲಿ ಹಾಗೇ ಮಾಡುತ್ತಿದ್ದೆ. ಫೋಟೊ, ದಿನಾಂಕ, ಜಾಗ ಎಲ್ಲ ಸರಿಯಿದ್ದು, ಗುರುತಿಸಿದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಜನ ಒಂದೇ ಪ್ರಭೇದಕ್ಕೆ ಒಪ್ಪಿದರೆ ಆ ದಾಖಲೆ ‘ರಿಸರ್ಚ್ ಗ್ರೇಡ್’ ಆಗುತ್ತದೆ. ಅಂದರೆ ಬೇರೆ ಹೆಸರು ಹೇಳಿದವರು ಇಲ್ಲದಿದ್ದರೆ ಇಬ್ಬರು ಒಪ್ಪಿದರೆ ಸಾಕು, ಅದರಲ್ಲಿ ಒಬ್ಬರು ನೀವೇ ಆಗಿರಬಹುದು. ದಾಖಲೆಯನ್ನು ಬೇರೆಯವರು ಬಳಸಲು ನೀವು ಆರಿಸಿದ ಲೈಸೆನ್ಸ್ ಅಡ್ಡ ಬರದಿದ್ದರೆ ಅಲ್ಲಿಂದ ಅದು ಸಂಶೋಧಕರು ಬಳಸುವ ಜಿಬಿಐಎಫ್ ಎಂಬ ಜಾಗತಿಕ ಭಂಡಾರಕ್ಕೂ ಹೋಗುತ್ತದೆ. ನಮಗೆ ಗೊತ್ತಿಲ್ಲದೆ ಸುಮ್ನೆ ಮರ್ಯಾದೆಗೆ ಒತ್ತಿದರೆ ಒಬ್ಬರ ಅಭಿಪ್ರಾಯ ಇಬ್ಬರದ್ದಾಗಿ ಕಾಣುತ್ತದೆ. ಥ್ಯಾಂಕ್ಸ್ ಹೇಳಿ. ಹೇಗೆ ಗೊತ್ತಾಯಿತು ಅಂತ ಕೇಳಿ. ಅವರು ಹೇಳಿದ್ದನ್ನು ನಿಮ್ಮ ಕಣ್ಣಿಂದ ನೋಡಿದ ಮೇಲೆ ಒತ್ತಿ.

ತಿದ್ದುವವರಿಗೂ ಇದೇ ಮಾತು, ಬರೀ ಹೆಸರು ಹಾಕಿ ಹೋಗಬೇಡಿ. ಒಬ್ಬರು ಪ್ಲೇನ್ ಟೈಗರ್ ಚಿಟ್ಟೆ ಅಂತ ಹಾಕಿದ್ದನ್ನು ನಾನು ಡಾನೈಡ್ ಎಗ್‌ಫ್ಲೈ ಹೆಣ್ಣು ಅಂತ ತಿದ್ದಿದೆ. ಕಿತ್ತಳೆ ಬಣ್ಣ, ಕಪ್ಪು ತುದಿ, ಬಿಳಿ ಪಟ್ಟೆ, ಎರಡೂ ನೋಡಲು ಒಂದೇ ತರಹ. ಪ್ಲೇನ್ ಟೈಗರ್ ಮರಿಯಾಗಿದ್ದಾಗ ಎಕ್ಕದಂಥ ಹಾಲಿನ ಗಿಡ ತಿಂದು ಮೈಯಲ್ಲಿ ವಿಷ ಇಟ್ಟುಕೊಂಡಿರುತ್ತದೆ, ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ. ಎಗ್‌ಫ್ಲೈ ಹೆಣ್ಣು ಆ ವೇಷ ಹಾಕಿಕೊಂಡು ಬದುಕುತ್ತದೆ. ಗಂಡು ಬೇರೆಯೇ, ಕಪ್ಪು ಮೈಗೆ ದೊಡ್ಡ ಬಿಳಿ ಚುಕ್ಕೆ. ಹಿಂದಿನ ರೆಕ್ಕೆ ನೋಡಿ, ಟೈಗರ್‌ಗೆ ನಡುವೆ ಮೂರು ಕಪ್ಪು ಚುಕ್ಕೆ, ಇದಕ್ಕೆ ಒಂದೇ ಅಂತ ಬರೆದೆ. ಮಾರನೇ ದಿನ ಮೂರನೆಯವರೊಬ್ಬರು ನನ್ನನ್ನು ತಿದ್ದಿದರು. ಹೆಸರು ಸರಿ, ಆದರೆ ಗಂಡು ಟೈಗರ್‌ಗೆ ನಾಲ್ಕು ಚುಕ್ಕೆ, ಆ ನಾಲ್ಕನೆಯದು ವಾಸನೆ ಸೂಸುವ ಚೀಲ ಅಂದರು. ನಾನು ಮೂರು ಅಂತಲೇ ಎಣಿಸುತ್ತಾ ಹೋಗಿದ್ದರೆ ನಾಲ್ಕು ಕಂಡ ದಿನ ಗೊಂದಲ ಆಗುತ್ತಿತ್ತು. ಕಲಿಸಲು ಹೋಗಿ ಕಲಿತು ಬಂದೆ, ತುಂಬಾ ಖುಷಿಯಾಯಿತು.

ಬಳಸುವವರಿಗೆ ಇನ್ನೊಂದೆರಡು ಮಾತು. ಒಂದೇ ಫೋಟೊ ಸಾಲದು. ಗಿಡವಾದರೆ ಎಲೆಯ ಹಿಂಭಾಗ, ಕಾಂಡ, ಹೂವಿನ ಪಕ್ಕದ ನೋಟ ಬೇಕು. ಹುಳವಾದರೆ ಮೇಲಿಂದ, ಪಕ್ಕದಿಂದ, ಸಾಧ್ಯವಾದರೆ ಮುಖ. ಆದರೂ ಎಷ್ಟೋ ಹುಳಗಳನ್ನು ಸೂಕ್ಷ್ಮದರ್ಶಕ ಇಲ್ಲದೆ ಪ್ರಭೇದದ ತನಕ ಹೇಳಲು ಆಗುವುದೇ ಇಲ್ಲ, ಅದಕ್ಕೆ ಬೇಜಾರು ಬೇಡ. ಕುಂಡದ ಗಿಡ, ಸಾಕಿದ ಪ್ರಾಣಿ ಆಗಿದ್ದರೆ ಹಾಗಂತ ಗುರುತು ಹಾಕಿ. ಮನೆಯಲ್ಲಿ ತೆಗೆದ ಫೋಟೊಗಳಿಗೆ ಜಾಗ ಮಸುಕು ಮಾಡುವ ಆಯ್ಕೆ ಇದೆ, ಮರೆಯದೆ ಬಳಸಿ.

ಹೋದ ವಾರ, ನಾನು ಮರೆತೇ ಬಿಟ್ಟಿದ್ದ ಹಳೆಯ ಇರುವೆ ಫೋಟೊ ಒಂದಕ್ಕೆ ಯಾರೋ ಬರೆದಿದ್ದರು: ಕಾಲು ಎಷ್ಟಿದೆ ನೋಡಿ. ಎಣಿಸಿದರೆ ಎಂಟು! ಅದು ಜಿಗಿಯುವ ಜೇಡ. ಮುಂದಿನ ಎರಡು ಕಾಲನ್ನು ಇರುವೆ ಮೀಸೆಯ ಹಾಗೆ ಮೇಲೆ ಎತ್ತಿ ಹಿಡಿದಿತ್ತು. ಅವರು ಪ್ರಭೇದದ ಹೆಸರನ್ನೇ ಹಾಕಿದ್ದರು. ನಾನು ಜಿಗಿಯುವ ಜೇಡ ಅನ್ನೋವರೆಗೆ ಮಾತ್ರ ನನ್ನ ಗುರುತು ಬದಲಾಯಿಸಿದ್ದೇನೆ. ಅದರ ಮುಂದಿನದನ್ನು ಹೇಗೆ ಹೇಳಿದಿರಿ ಅಂತ ಅವರನ್ನು ಕೇಳಿದ್ದೇನೆ.