ಒಣ ಚರ್ಮಕ್ಕೆ ಲೋಳೆಸರವೋ, ಎಣ್ಣೆಯೋ, ಗ್ಲಿಸರಿನ್ನೋ? ಮನೆಯಲ್ಲಿ ಬಳಸಿ ನೋಡಿದ ಮೇಲಿನ ಹೋಲಿಕೆ

ಒಣ ಚರ್ಮಕ್ಕೆ ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಆರೈಕೆಗಳ ಪೈಕಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲಾಗಿ ನಿಂತಿರುವುದು, ಸ್ನಾನವಾದ ಕೂಡಲೇ ಒದ್ದೆ ಮೈಗೆ ಹಚ್ಚುವ ಗ್ಲಿಸರಿನ್. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನ ಹೋಲಿಕೆಯಲ್ಲಿ ನನ್ನ ಒಲವು ಎತ್ತ ಎಂಬುದು ಹೇಗೂ ಕಾಣಿಸುತ್ತದೆ. ಹೀಗೆ ಹೋಲಿಸಿ ನೋಡುವ ಯೋಚನೆ ಬಂದದ್ದು, ‘ನೈಸರ್ಗಿಕ’ ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿದ್ದ ಲೋಳೆಸರದ ಜೆಲ್ಲಿನ ಬಾಟಲಿಯೊಂದು ಮೈಯ ತುರಿಕೆಯನ್ನು ಕಡಿಮೆ ಮಾಡುವ ಬದಲು ಹೆಚ್ಚಿಸಿದಾಗ. ಆ ಬಾಟಲಿ ಹೋದ ಮೇಲೆ ಗಿಡದಿಂದಲೇ ಕೊಯ್ದ ಲೋಳೆಸರದ ಎಲೆ, ಕೊಬ್ಬರಿ ಎಣ್ಣೆ, ಆಲಿವ್ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಪೆಟ್ರೋಲಿಯಂ ಜೆಲ್ಲಿ ಮತ್ತು ಗ್ಲಿಸರಿನ್ ಇವಿಷ್ಟನ್ನೂ ಸರದಿಯ ಮೇಲೆ ಬಳಸಿ ನೋಡಿದೆ.

ನನ್ನದು ಕಾಯಿಲೆ ಎನ್ನುವಂಥ ತೊಂದರೆಯಲ್ಲ. ಮೊಣಕಾಲಿನ ಕೆಳಗೆ ಮತ್ತು ಮುಂಗೈಯಲ್ಲಿ ಚರ್ಮ ಒಣಗಿ, ಉಗುರಿನಿಂದ ಗೆರೆ ಎಳೆದರೆ ಬಿಳಿಯ ಗೀರು ಮೂಡುವಷ್ಟು ಪಸೆ ಆರುತ್ತದೆ, ರಾತ್ರಿ ಮಲಗಿದಾಗ ತುರಿಸುತ್ತದೆ. ಆ ಬಿಳಿಯ ಗೀರನ್ನೇ ಅಳತೆಗೋಲಾಗಿ ಇಟ್ಟುಕೊಂಡೆ. ಎಡಗೈಗೆ ಒಂದು, ಬಲಗೈಗೆ ಇನ್ನೊಂದು ಹಚ್ಚಿದರೆ ಸ್ನಾನದ ನೀರು, ಸಾಬೂನು, ಹವೆ ಎಲ್ಲವೂ ಎರಡಕ್ಕೂ ಒಂದೇ ಆಗಿರುತ್ತವೆ. ಬೆಳಿಗ್ಗೆ ಹಚ್ಚಿದ್ದಕ್ಕೆ ಸಂಜೆ ಗೀರು ಮೂಡುತ್ತದೆಯೇ ಇಲ್ಲವೇ ಎಂದು ನೋಡಿದರೆ ಉತ್ತರ ಸಿಕ್ಕಂತೆ.

ಅಂಗಡಿಯ ಜೆಲ್ಲಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಇಂಥ ಬಾಟಲಿಗಳ ಹಿಂಬದಿಯಲ್ಲಿ ಪದಾರ್ಥಗಳನ್ನು ಸಾಮಾನ್ಯವಾಗಿ ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ನಾನು ಕೊಂಡದ್ದರಲ್ಲಿ ಮೊದಲು ನೀರು, ಅದರ ಬೆನ್ನಿಗೆ ಆಲ್ಕೋಹಾಲ್, ಆಮೇಲೆ ದಪ್ಪಗಾಗಿಸುವ ಪದಾರ್ಥ, ಕೊನೆಕೊನೆಗೆ ಸುಗಂಧ, ಹಸಿರು ಬಣ್ಣ ಮತ್ತು ಇವುಗಳ ನಡುವೆ ಎಲ್ಲೋ ಲೋಳೆಸರದ ಸಾರ ಇದ್ದವು. ಆಲ್ಕೋಹಾಲ್ ಬೇಗ ಆವಿಯಾಗುವುದರಿಂದ ಹಚ್ಚಿದ ಗಳಿಗೆಯಲ್ಲಿ ತಂಪೆನಿಸುತ್ತದೆ, ಆದರೆ ಮೊದಲೇ ಒಣಗಿದ ಚರ್ಮಕ್ಕೆ ಅದು ಉರಿಯನ್ನೇ ತರುತ್ತದೆ. ಸುಗಂಧದ್ರವ್ಯಗಳಂತೂ ಸೌಂದರ್ಯವರ್ಧಕಗಳಿಂದ ಬರುವ ಅಲರ್ಜಿಗೆ ಬಹಳ ಸಾಮಾನ್ಯವಾದ ಕಾರಣಗಳಲ್ಲೊಂದು. ಹಾಗೆಂದು ಎಲ್ಲ ಜೆಲ್‌ಗಳೂ ಹೀಗೆಯೇ ಇರುತ್ತವೆ ಎಂದು ನಾನು ಹೇಳುವುದಿಲ್ಲ. ಬಾಟಲಿಯ ಹಿಂಬದಿಯನ್ನು ಓದಿ ಕೊಂಡರೆ ಸುಗಂಧವಿಲ್ಲದವೂ ಸಿಗುತ್ತವೆ.

ಗಿಡದ ಲೋಳೆಸರವಾದರೆ ಈ ರಗಳೆಯೇ ಇರುವುದಿಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ, ಆದರೆ ಇಡೀ ಹೋಲಿಕೆಯಲ್ಲಿ ನನ್ನ ತಾಳ್ಮೆಯನ್ನು ಅತಿಯಾಗಿ ಪರೀಕ್ಷಿಸಿದ್ದು ಅದೇ. ಎಲೆಯನ್ನು ಬುಡದಲ್ಲಿ ಕೊಯ್ದ ಕೂಡಲೇ ಕೊಯ್ದ ಬಾಯಿಯಿಂದ ಹಳದಿ ಬಣ್ಣದ ರಸವೊಂದು ಜಿನುಗತೊಡಗುತ್ತದೆ. ಇದು ನಾವು ಹಚ್ಚಿಕೊಳ್ಳುವ ತಿರುಳಲ್ಲ; ಸಿಪ್ಪೆಗೂ ತಿರುಳಿಗೂ ನಡುವೆ ಇರುವ ಸೂಕ್ಷ್ಮ ನಾಳಗಳಲ್ಲಿ ತುಂಬಿರುವ ಕಹಿ ರಸ. ಇದರಲ್ಲಿ ಅಲೋಯಿನ್ ಎಂಬ ರಾಸಾಯನಿಕವಿದೆ. ಒಂದು ಕಾಲದಲ್ಲಿ ಇದನ್ನು ಒಣಗಿಸಿ ಭೇದಿಯ ಔಷಧವಾಗಿ ಮಾರುತ್ತಿದ್ದರು. ವೈದ್ಯರ ಚೀಟಿಯಿಲ್ಲದೆ ಮಾರುವ ಭೇದಿಯ ಔಷಧಗಳಲ್ಲಿ ಅದನ್ನು ಬಳಸಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2002ರಲ್ಲಿ ಅವಕಾಶ ನಿರಾಕರಿಸಿತು. ಚರ್ಮಕ್ಕೆ ತಾಗಿದರೆ ಈ ರಸ ಕೆಲವರಿಗೆ ತುರಿಕೆಯನ್ನೂ ಕೆಂಪು ಗುಳ್ಳೆಗಳನ್ನೂ ತರುತ್ತದೆ, ಬಟ್ಟೆಗೆ ತಾಗಿದರೆ ಕಲೆಯಾಗಿ ಉಳಿಯುತ್ತದೆ.

ಆದ್ದರಿಂದ ಎಲೆಯನ್ನು ಕೊಯ್ದ ಬಾಯಿ ಕೆಳಗೆ ಬರುವಂತೆ ಲೋಟವೊಂದರಲ್ಲಿ ನಿಲ್ಲಿಸಿ, ರಸ ಇಳಿಯುವುದು ನಿಲ್ಲುವ ತನಕ ಕಾಯಬೇಕು. ಅಷ್ಟಾದ ಮೇಲೆ ತೊಳೆದು, ಇಕ್ಕೆಲದ ಮುಳ್ಳಂಚನ್ನು ತೆಗೆದು, ಸಿಪ್ಪೆಯನ್ನು ಹೆರೆಯಬೇಕು. ಹೆರೆಯುವಾಗ ತಿರುಳಿಗೆ ಅಂಟಿಕೊಂಡಂತೆ ಹಸಿರು ಪದರವೊಂದು ಉಳಿದೇ ಉಳಿಯುತ್ತದೆ, ಹಳದಿ ರಸದ ನಾಳಗಳು ಇರುವುದು ಅಲ್ಲಿಯೇ. ಅದನ್ನು ಪೂರ್ತಿ ತೆಗೆಯಲು ಹೊರಟರೆ ತಿರುಳಿನ ಕಾಲುಭಾಗವೇ ಸಿಪ್ಪೆಯ ಜೊತೆ ಹೋಗುತ್ತದೆ, ಬಿಟ್ಟರೆ ತುರಿಕೆಯ ಭಯ. ಚಾಕುವಿನ ಹಿಡಿ, ಕೈ, ಹಲಗೆ ಎಲ್ಲವೂ ಜಾರುತ್ತವೆ. ಕೊನೆಗೆ ಕೈಗೆ ಬಂದ ಗಾಜಿನಂಥ ತಿರುಳನ್ನು ಮತ್ತೊಮ್ಮೆ ನೀರಿನಲ್ಲಿ ತೊಳೆದು ಮೈಗೆ ಉಜ್ಜಿದರೆ, ಎಳೆಎಳೆಯಾಗಿ ಹರಿಯುವ ಲೋಳೆ ಅರ್ಧ ಮೈಮೇಲೆ, ಅರ್ಧ ನೆಲದ ಮೇಲೆ.

ಇಷ್ಟಾಗಿಯೂ ಉಳಿದ ತಿರುಳನ್ನು ನಾಳೆಗೆ ಇಟ್ಟುಕೊಳ್ಳೋಣವೆಂದರೆ ಅದೂ ಸುಲಭವಲ್ಲ. ಗಾಳಿ ತಾಗಿದ ತಿರುಳು ಬೇಗ ಗುಲಾಬಿ ಬಣ್ಣಕ್ಕೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಫ್ರಿಜ್‌ನಲ್ಲಿಟ್ಟರೂ ಕೆಲವೇ ದಿನಗಳಲ್ಲಿ ನೀರಾಗಿ, ಹುಳಿ ವಾಸನೆ ಬರುತ್ತದೆ. ತಿರುಳಿನಲ್ಲಿ ಶೇಕಡ 98ಕ್ಕೂ ಮೇಲ್ಪಟ್ಟು ನೀರೇ ಇರುವುದರಿಂದ, ಸಂರಕ್ಷಕವಿಲ್ಲದೆ ಅದರಲ್ಲಿ ಬ್ಯಾಕ್ಟೀರಿಯಾ ಮತ್ತು ಬೂಷ್ಟು ಬೆಳೆಯುವುದು ಅನಿವಾರ್ಯ. ಹಾಗೆ ಕೆಟ್ಟದ್ದನ್ನು ಬಿರುಕು ಬಿಟ್ಟ ಚರ್ಮಕ್ಕೆ ಹಚ್ಚುವುದು ಸೋಂಕನ್ನು ಮನೆಗೆ ಕರೆದಂತೆ. ದಿನವೂ ಹೊಸ ಎಲೆ ಕೊಯ್ಯಬೇಕೆಂದರೆ ಒಂದು ಗಿಡ ಯಾವ ಮೂಲೆಗೂ ಸಾಲದು. ಹೊರಸುತ್ತಿನ ಬಲಿತ ಎಲೆಗಳಷ್ಟೇ ದಪ್ಪಗಿರುತ್ತವೆ, ಕೊಯ್ದ ಎಲೆಯ ಜಾಗಕ್ಕೆ ಇನ್ನೊಂದು ಬಲಿಯಲು ಬಹಳ ಕಾಲ ಬೇಕು.

ಫಲಿತಾಂಶವಾದರೂ ಈ ಶ್ರಮಕ್ಕೆ ತಕ್ಕಂತಿತ್ತೇ ಎಂದರೆ, ಒಣ ಚರ್ಮದ ಮಟ್ಟಿಗೆ ಇರಲಿಲ್ಲ. ಹಚ್ಚಿದಾಗ ಹಿತವಾದ ತಂಪು, ಒಣಗಿದ ಮೇಲೆ ಚರ್ಮ ಬಿಗಿದುಕೊಂಡಂಥ ಅನುಭವ, ಸಂಜೆಗೆ ಮತ್ತೆ ಅದೇ ಬಿಳಿಯ ಗೀರು. ತಿರುಳಿನಲ್ಲಿರುವ ನೀರು ಆರಿಹೋದ ಮೇಲೆ, ಅದನ್ನು ಚರ್ಮದೊಳಗೆ ತಡೆದು ಹಿಡಿಯುವ ಜಿಡ್ಡು ಲೋಳೆಸರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬಿಸಿಲಿಗೆ ಕೆಂಪಾದ ಚರ್ಮಕ್ಕೆ ಅದು ತಂಪು ನೀಡುವುದು ನಿಜ, ಆ ಕೆಲಸಕ್ಕೆ ನಾನು ಈಗಲೂ ಅದನ್ನೇ ಬಳಸುತ್ತೇನೆ. ದಿನನಿತ್ಯದ ಆರೈಕೆಗೆ ಅದು ನನಗೆ ಒಗ್ಗಲಿಲ್ಲ.

ಎಣ್ಣೆಗಳ ವಿಷಯ ಬೇರೆ. ಚರ್ಮದ ಹೊರಪದರದಲ್ಲಿ ಸತ್ತ ಜೀವಕೋಶಗಳ ನಡುವೆ ಸೆರಾಮೈಡ್ ಎಂಬ ಕೊಬ್ಬು, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳ ತೆಳುವಾದ ಪದರಗಳಿರುತ್ತವೆ. ಒಳಗಿನ ನೀರು ಆವಿಯಾಗಿ ಹೋಗದಂತೆ ತಡೆಯುವುದು ಅವುಗಳ ಕೆಲಸ. ಮೇಲಿನಿಂದ ಹಚ್ಚಿದ ಎಣ್ಣೆ ಈ ತಡೆಯನ್ನು ಸ್ವಲ್ಪಮಟ್ಟಿಗೆ ಬಲಪಡಿಸುತ್ತದೆ, ಆದರೆ ಎಲ್ಲ ಎಣ್ಣೆಗಳೂ ಒಂದೇ ರೀತಿ ವರ್ತಿಸುವುದಿಲ್ಲ ಎಂಬುದನ್ನು ತಿಳಿದುಕೊಳ್ಳುವುದು ಅಗತ್ಯ. ಆಲಿವ್ ಎಣ್ಣೆಯಲ್ಲಿ ಓಲಿಯಿಕ್ ಆಮ್ಲ ಹೆಚ್ಚು, ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಹೆಚ್ಚು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಯಸ್ಕರ ಮುಂಗೈಗೆ ಈ ಎರಡನ್ನೂ ಕೆಲವು ವಾರ ಹಚ್ಚಿ ನೋಡಿದಾಗ, ಆಲಿವ್ ಎಣ್ಣೆ ಚರ್ಮದ ತಡೆಗೋಡೆಯನ್ನು ದುರ್ಬಲಗೊಳಿಸಿ ತುಸು ಕೆಂಪನ್ನೂ ತಂದಿತು, ಸೂರ್ಯಕಾಂತಿ ಎಣ್ಣೆ ಅಂಥ ಹಾನಿ ಮಾಡದೆ ತೇವವನ್ನು ಹೆಚ್ಚಿಸಿತು. ನನ್ನ ಕೈಯಲ್ಲಿ ಕೆಂಪು ಕಾಣಿಸಲಿಲ್ಲವಾದರೂ, ಆಲಿವ್ ಎಣ್ಣೆ ಹಚ್ಚಿದ ಕಡೆ ಸಂಜೆಯ ಗೀರು ಮಾಯವಾಗಲೂ ಇಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ಕೊಬ್ಬರಿ ಎಣ್ಣೆಯ ಬಗ್ಗೆ ನನಗೆ ಗೌರವವಿದೆ. ಅದರಲ್ಲಿ ಸುಮಾರು ಅರ್ಧದಷ್ಟಿರುವ ಲಾರಿಕ್ ಆಮ್ಲಕ್ಕೆ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುವ ಗುಣವಿದೆ, ಮತ್ತು 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಣ ಚರ್ಮಕ್ಕೆ ಅದು ಖನಿಜ ತೈಲದಷ್ಟೇ (ಪೆಟ್ರೋಲಿಯಂನಿಂದ ಶುದ್ಧೀಕರಿಸಿ ತೆಗೆದ, ಚರ್ಮಕ್ಕೆ ಹಚ್ಚುವ ಎಣ್ಣೆ) ಪರಿಣಾಮಕಾರಿ ಎಂದು ಕಂಡುಬಂದಿದೆ. ಸಂಜೆಯ ಗೀರಿನ ಪರೀಕ್ಷೆಯಲ್ಲಿ ಅದು ಗ್ಲಿಸರಿನ್‌ಗೆ ಸರಿಸಮನಾಗಿಯೇ ನಿಂತಿತು. ನನಗೆ ತೊಡಕಾದದ್ದು ಜಿಡ್ಡು: ಅಂಗಿಯ ತೋಳಿಗೆ, ಪುಸ್ತಕದ ಹಾಳೆಗೆ, ಫೋನಿನ ಗಾಜಿಗೆ ಅಂಟುವ ಜಿಡ್ಡು. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಗಟ್ಟಿಯಾಗುವುದರಿಂದ, ಚಳಿಯಲ್ಲಿ, ಅಂದರೆ ಅದು ಹೆಚ್ಚು ಬೇಕಾದ ಹೊತ್ತಿನಲ್ಲಿಯೇ, ಬಾಟಲಿಯಿಂದ ಹೊರಬರಲು ಒಪ್ಪುವುದಿಲ್ಲ. ಮೊಡವೆಯ ಮುಖದವರು ಅದನ್ನು ಮುಖಕ್ಕೆ ಹಚ್ಚದಿರುವುದೇ ಮೇಲು, ರಂಧ್ರಗಳು ಮುಚ್ಚಿಕೊಳ್ಳುತ್ತವೆ.

ಪೆಟ್ರೋಲಿಯಂ ಜೆಲ್ಲಿಯದು ಒಂದೇ ಮಾತು: ನೀರು ಆವಿಯಾಗದಂತೆ ತಡೆಯುವುದರಲ್ಲಿ ಅದನ್ನು ಮೀರಿಸಿದ್ದು ಇಲ್ಲಿ ಯಾವುದೂ ಇಲ್ಲ, ಆದರೆ ಮೈಯೆಲ್ಲ ಹಚ್ಚಿಕೊಂಡು ಓಡಾಡಲು ಆಗುವುದಿಲ್ಲ.

ಇನ್ನು ಗ್ಲಿಸರಿನ್. 1779ರಲ್ಲಿ ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಶೀಲೆ ಆಲಿವ್ ಎಣ್ಣೆಯನ್ನು ಸೀಸದ ಆಕ್ಸೈಡಿನೊಂದಿಗೆ ಕಾಯಿಸುವಾಗ ಸಿಹಿಯಾದ ಈ ದ್ರವವನ್ನು ಕಂಡ. ಎಣ್ಣೆ, ಕೊಬ್ಬುಗಳಿಂದ ಸಾಬೂನು ಮಾಡುವಾಗ ಇಂದಿಗೂ ಇದು ಉಪೋತ್ಪನ್ನವಾಗಿ ಸಿಗುತ್ತದೆ. ಬಣ್ಣವಿಲ್ಲದ, ವಾಸನೆಯಿಲ್ಲದ, ಅಂಗಡಿಯ ಶೀಷೆಯಲ್ಲಿ ಬರುವ ಇದನ್ನು ಸಹಜ ಆರೈಕೆಯ ಸಾಲಿಗೆ ಸೇರಿಸಬಹುದೇ ಎಂದು ಕೇಳುವವರಿದ್ದಾರೆ. ನನ್ನ ಉತ್ತರ ಸ್ಪಷ್ಟ: ನಮ್ಮ ಚರ್ಮ ತನ್ನ ತೇವವನ್ನು ಹಿಡಿದಿಟ್ಟುಕೊಳ್ಳಲು ಬಳಸುವ ಪದಾರ್ಥಗಳಲ್ಲಿ ಗ್ಲಿಸರಿನ್ ಕೂಡ ಒಂದು. ಜೀವಕೋಶಗಳ ಪೊರೆಯಲ್ಲಿ ನೀರು ಹಾಯುವ ಅಕ್ವಾಪೋರಿನ್ ಎಂಬ ಕಾಲುವೆಗಳಿವೆ. ಅವನ್ನು ಕಂಡುಹಿಡಿದ ಪೀಟರ್ ಆಗ್ರೆ 2003ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಚರ್ಮದಲ್ಲಿರುವ ಮೂರನೆಯ ಬಗೆಯ ಅಕ್ವಾಪೋರಿನ್ ನೀರಿನೊಂದಿಗೆ ಗ್ಲಿಸರಿನ್ನನ್ನೂ ಹಾಯಿಸುತ್ತದೆ. ಈ ಕಾಲುವೆ ಇಲ್ಲದ ಇಲಿಗಳ ಚರ್ಮ ಒಣಗಿರುತ್ತದೆಂದೂ, ಗ್ಲಿಸರಿನ್ ಕೊಟ್ಟಾಗ ಆ ದೋಷ ಸರಿಹೋಗುತ್ತದೆಂದೂ ಅದೇ ವರ್ಷ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ದೇಹಕ್ಕೆ ಇಷ್ಟು ಪರಿಚಿತವಾದ ಪದಾರ್ಥವನ್ನು ಪರಕೀಯವೆಂದು ದೂರ ಇಡುವುದು ನನಗೆ ನ್ಯಾಯವೆನಿಸುವುದಿಲ್ಲ.

ಬಳಸುವ ಕ್ರಮ ಮಾತ್ರ ಸರಿಯಾಗಿರಬೇಕು, ಏಕೆಂದರೆ ಗ್ಲಿಸರಿನ್ ಒಗ್ಗಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಅದನ್ನು ಒಣ ಮೈಗೆ ನೇರವಾಗಿ ಹಚ್ಚಿದವರು. ನೀರನ್ನು ಎಳೆದುಕೊಳ್ಳುವುದು ಅದರ ಸ್ವಭಾವ. ಸುತ್ತಲಿನ ಗಾಳಿಯಲ್ಲಿ ತೇವವಿಲ್ಲದಿದ್ದರೆ ನೀರು ಬೆರೆಸದ ಗ್ಲಿಸರಿನ್ ಚರ್ಮದ ಒಳಗಿನ ನೀರನ್ನೇ ಮೇಲಕ್ಕೆ ಎಳೆಯಬಲ್ಲದು, ಅಂಟಂಟಾಗಿ ಉರಿಯನ್ನೂ ತರಬಹುದು. ನಾನು ಸ್ನಾನ ಮುಗಿದ ಮೇಲೆ ಮೈಯನ್ನು ಟವೆಲಿನಿಂದ ಉಜ್ಜದೆ, ನೀರು ತೊಟ್ಟಿಕ್ಕುವುದು ನಿಲ್ಲುವಷ್ಟು ಒತ್ತಿಕೊಂಡು, ಅಂಗೈಯಲ್ಲಿ ಸ್ವಲ್ಪ ನೀರಿಗೆ ಕೆಲವೇ ಹನಿ ಗ್ಲಿಸರಿನ್ ಬೆರೆಸಿ ಕೈಕಾಲುಗಳಿಗೆ ಸವರುತ್ತೇನೆ. ಅಳತೆ ಬೇಕೆಂದರೆ ಒಂದು ಪಾಲು ಗ್ಲಿಸರಿನ್‌ಗೆ ನಾಲ್ಕು ಪಾಲು ನೀರು ಎಂದಿಟ್ಟುಕೊಳ್ಳಬಹುದು. ಬೆರೆಸಿ ಬಾಟಲಿಯಲ್ಲಿ ತುಂಬಿಡುವ ಪದ್ಧತಿ ಬೇಡ. ಶುದ್ಧ ಗ್ಲಿಸರಿನ್‌ನಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲ, ಇಷ್ಟೊಂದು ನೀರು ಸೇರಿದ ಮೇಲೆ ಬೆಳೆಯುತ್ತವೆ. ಚಳಿ ಹೆಚ್ಚಿರುವಾಗ ಇದರ ಮೇಲೆ ನಾಲ್ಕೈದು ಹನಿ ಸೂರ್ಯಕಾಂತಿ ಎಣ್ಣೆಯನ್ನು ತೆಳುವಾಗಿ ಸವರಿದರೆ, ಗ್ಲಿಸರಿನ್ ಹಿಡಿದ ನೀರನ್ನು ಎಣ್ಣೆ ಒಳಗೇ ಉಳಿಸುತ್ತದೆ. ಎಣ್ಣೆಯನ್ನೇ ಪೂರ್ತಿ ಹಚ್ಚಿದಾಗ ಬರುವ ಜಿಡ್ಡು ಇಲ್ಲಿ ಬರುವುದಿಲ್ಲ.

ಬಿಸಿನೀರನ್ನು ಉಗುರುಬೆಚ್ಚಗೆ ಇಳಿಸಿ, ಸಾಬೂನನ್ನು ಕಂಕುಳು, ತೊಡೆಸಂದು, ಪಾದಗಳಿಗಷ್ಟೇ ಸೀಮಿತಗೊಳಿಸಿದ್ದರಿಂದ ಆದ ಲಾಭವೂ ಸಣ್ಣದಲ್ಲ. ಚರ್ಮದ ಮೇಲ್ಮೈ ಸ್ವಭಾವತಃ ತುಸು ಆಮ್ಲೀಯ, ಅದರ ಪಿಎಚ್ ಸುಮಾರು 5ರ ಆಸುಪಾಸಿನಲ್ಲಿರುತ್ತದೆ. ಸಾಮಾನ್ಯ ಸಾಬೂನಿನದು 9ರಿಂದ 10, ಅಂದರೆ ಕ್ಷಾರ; ಅದು ಚರ್ಮದ ಈ ಆಮ್ಲೀಯತೆಯನ್ನು ಕೆಡಿಸುತ್ತದೆ. ನಿಂಬೆರಸವನ್ನು ಮೈಗೆ ಹಚ್ಚುವ ಸಲಹೆಯನ್ನು ನಾನು ಪರೀಕ್ಷೆಗೂ ತೆಗೆದುಕೊಳ್ಳಲಿಲ್ಲ, ಏಕೆಂದರೆ ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂಥ ಗುಳ್ಳೆಗಳೂ ಬಹುಕಾಲ ಉಳಿಯುವ ಕಪ್ಪು ಕಲೆಗಳೂ ಆಗಬಹುದು. ಅಡುಗೆ ಸೋಡಾವೂ ಬೇಡ, ಅದು ಕ್ಷಾರ.

ನನ್ನ ಆಯ್ಕೆಯಲ್ಲಿ ನನ್ನ ದಿನಚರಿಯ ಪಾಲು ದೊಡ್ಡದು. ನಾನು ಸ್ನಾನ ಮಾಡಿ ಹತ್ತು ನಿಮಿಷದೊಳಗೆ ಬಟ್ಟೆ ತೊಟ್ಟು ಕೆಲಸಕ್ಕೆ ಕೂರುವವನು, ಪುಸ್ತಕ ಮುಟ್ಟುವ ಕೈಗೆ ಎಣ್ಣೆ ಸೇರುವುದಿಲ್ಲ, ಪ್ರತಿ ತಿಂಗಳೂ ಹೊಸ ಬಾಟಲಿ ಕೊಳ್ಳುವ ಮನಸ್ಸೂ ಇಲ್ಲ. ಹನಿಗಳ ಲೆಕ್ಕದಲ್ಲಿ ಖರ್ಚಾಗುವ ಗ್ಲಿಸರಿನ್‌ನ ಒಂದು ಚಿಕ್ಕ ಶೀಷೆ, ಜೆಲ್ಲಿನ ದೊಡ್ಡ ಬಾಟಲಿಗಿಂತ ಎಷ್ಟೋ ಹೆಚ್ಚು ಕಾಲ ಬರುತ್ತದೆ. ಕೊಳ್ಳುವಾಗ ಔಷಧದ ಅಂಗಡಿಯಲ್ಲಿ ಔಷಧ ದರ್ಜೆಯದನ್ನೇ ಕೇಳಿ ಪಡೆಯಬೇಕು. ರಾತ್ರಿ ಸ್ನಾನ ಮಾಡಿ ನೇರವಾಗಿ ಮಲಗುವವರಿಗೆ, ಹಳೆಯ ಉಡುಪಿಗೆ ಜಿಡ್ಡು ತಾಗಿದರೆ ಚಿಂತೆಯಿಲ್ಲ ಎನ್ನುವವರಿಗೆ ಕೊಬ್ಬರಿ ಎಣ್ಣೆ ಸಾಕು, ಅವರು ಗ್ಲಿಸರಿನ್ ಹುಡುಕಿಕೊಂಡು ಹೋಗಬೇಕಾಗಿಲ್ಲ. ಒಡೆದ ಹಿಮ್ಮಡಿಗೆ ಮಾತ್ರ ಯಾರಾದರೂ ಪೆಟ್ರೋಲಿಯಂ ಜೆಲ್ಲಿಯನ್ನೇ ಹಚ್ಚಿ, ಕಾಲುಚೀಲ ತೊಟ್ಟು ಮಲಗಲಿ.

ಯಾವುದನ್ನು ಆರಿಸಿದರೂ ಮೊದಲು ಮುಂಗೈಯ ಒಳಬದಿಯ ಚಿಕ್ಕ ಜಾಗಕ್ಕೆ ಕೆಲವು ದಿನ ಹಚ್ಚಿ, ಕೆಂಪಾಗಲೀ ತುರಿಕೆಯಾಗಲೀ ಬರುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಉಳಿದ ಕಡೆಗೆ ಬಳಸಬೇಕು. ಗಿಡದಿಂದ ಬಂದದ್ದೆಂಬ ಕಾರಣಕ್ಕೆ ಈ ಹೆಜ್ಜೆಯನ್ನು ಬಿಡಬಾರದು. ಬಿರುಕಿನಿಂದ ರಕ್ತ ಬರುತ್ತಿದ್ದರೆ, ಕೀವು ಕಂಡರೆ, ಇಲ್ಲವೇ ಮಧುಮೇಹವಿರುವವರ ಪಾದದ ಚರ್ಮ ಒಡೆದರೆ ಇವುಗಳಲ್ಲಿ ಯಾವುದನ್ನೂ ನೆಚ್ಚಿಕೊಂಡು ಕೂರದೆ ವೈದ್ಯರಿಗೆ ತೋರಿಸಬೇಕು.