ಯೂರಿನ್ ಕಲ್ಚರ್: ಹೊರಗಿನಿಂದ ಬಿದ್ದ ಬ್ಯಾಕ್ಟೀರಿಯಾಕ್ಕೆ ಏಳು ದಿನದ ಮಾತ್ರೆ

ಅರವತ್ತೈದು ದಾಟಿದ ಹೆಂಗಸು. ಉರಿಮೂತ್ರವಿಲ್ಲ, ಜ್ವರವಿಲ್ಲ, ವರ್ಷದ ಚೆಕಪ್ಪಿನಲ್ಲಿ ಯೂರಿನ್ ಕಲ್ಚರ್‌ಗೆಂದು, ಅಂದರೆ ಮೂತ್ರದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆಂದು, ಮೂತ್ರ ಕೊಟ್ಟದ್ದು. ಬೆಳಿಗ್ಗೆ ಆರಕ್ಕೆ ಮನೆಯ ಉಪ್ಪಿನಕಾಯಿ ಬಾಟಲಿ ತೊಳೆದು ಹಿಡಿದದ್ದು, ಲ್ಯಾಬ್ ಮುಟ್ಟಿದ್ದು ಹನ್ನೊಂದಕ್ಕೆ. ರಿಪೋರ್ಟಿನಲ್ಲಿ ಕರುಳಿನ ಬ್ಯಾಕ್ಟೀರಿಯಾ ಇ. ಕೋಲೈ, ಮಿಲಿಲೀಟರಿಗೆ 1 ಲಕ್ಷದ ಮೇಲೆ, ಸೋಂಕೆಂದು ಅನುಮಾನಿಸುವ ಮಟ್ಟ. ಏಳು ದಿನದ ಆ್ಯಂಟಿಬಯೋಟಿಕ್ ಶುರುವಾಯಿತು. ಐದನೇ ದಿನ ನೀರಿನಂಥ ಭೇದಿ, ಆಸ್ಪತ್ರೆ, ಡ್ರಿಪ್. ಲ್ಯಾಬಿನವರಿಗೆ ಇಂಥ ಕೇಸು ಹೊಸದಲ್ಲ.

ಮೂತ್ರದ್ವಾರದ ಸುತ್ತಲ ಚರ್ಮದಲ್ಲಿ, ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್, ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಇರುತ್ತವೆ. ಗುದದ್ವಾರ ಹತ್ತಿರವಿರುವುದರಿಂದ ಇ. ಕೋಲೈ ಕೂಡ. ಮೊದಲ ಧಾರೆ ಅವನ್ನೆಲ್ಲ ತೊಳೆದುಕೊಂಡು ಬರುತ್ತದೆ. ಅದೇ ಬಾಟಲಿಗೆ ಬಿದ್ದರೆ? ಮಿಲಿಲೀಟರಿಗೆ ಬರೀ 100 ಇದ್ದವು ಅನ್ನಿ. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೂ ಐದು ಗಂಟೆಯಲ್ಲಿ ಹತ್ತು ಸಲ ಇಮ್ಮಡಿ, ಅಂದರೆ ಸಾವಿರ ಪಟ್ಟು. ಅಲ್ಲಿಗೆ ಲಕ್ಷ ಭರ್ತಿ.

ಬಾಟಲಿ ಲ್ಯಾಬಿನದೇ ಇರಲಿ, ಸ್ಟೆರೈಲ್ ಎಂದು ಬರೆದದ್ದು. ಕೈಗೆ ಸೋಪು, ಮೂತ್ರದ್ವಾರದ ಸುತ್ತ ತೊಳೆಯಲು ನೀರು ಸಾಕು, ಮುಂದಿನಿಂದ ಹಿಂದಕ್ಕೆ. ಆ್ಯಂಟಿಸೆಪ್ಟಿಕ್ ಬೇಡ, ಅದು ಸ್ಯಾಂಪಲ್‌ಗೆ ಸೇರಿದರೆ ಇರುವ ಸೋಂಕೂ ಬೆಳೆಯದೆ ಹೋಗಬಹುದು. ಹೆಂಗಸರು ಯೋನಿಯ ತುಟಿಗಳನ್ನು ಬೆರಳಲ್ಲಿ ಅಗಲಿಸಿ, ಗಂಡಸರು ಮುಂದೊಗಲು ಹಿಂದೆ ಸರಿಸಿ, ಮೊದಲ ಧಾರೆ ಬಿಟ್ಟು, ಹರಿವು ನಿಲ್ಲಿಸದೆ ನಡುವಿನ 10–20 ಮಿಲಿಲೀಟರ್ ಹಿಡಿಯಬೇಕು. ಬಹಳ ಜನ ಎಡವುವುದು ಮುಚ್ಚಳದಲ್ಲಿ: ಫ್ಲಶ್ ಟ್ಯಾಂಕಿನ ಮೇಲೆ ಬೋರಲು ಹಾಕಿಟ್ಟು, ಅದನ್ನೇ ತಿರುಗಿಸಿ ಬಿಗಿಯುತ್ತಾರೆ. ಒಳಮೈ ಮೇಲಿರಲಿ, ಬೆರಳು ತಾಗದಿರಲಿ. ಎರಡು ಗಂಟೆಯೊಳಗೆ ಲ್ಯಾಬಿಗೆ ಕೊಡಿ. ಆಗದಿದ್ದರೆ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಲ್ಲ. 24 ಗಂಟೆ ತಡೆಯುತ್ತದೆ. ಕ್ಯಾಥೆಟರ್ (ಮೂತ್ರ ಹೊರತರುವ ನಳಿಗೆ) ಇದ್ದವರ ಚೀಲದಿಂದ ಬಗ್ಗಿಸಿದ ಮೂತ್ರ ಕಲ್ಚರ್‌ಗೆ ಕೆಲಸಕ್ಕೆ ಬಾರದು.

ರಿಪೋರ್ಟಿನಲ್ಲಿ ಎಪಿಥೀಲಿಯಲ್ ಕೋಶ (ಚರ್ಮ, ಒಳಪದರದಿಂದ ಉದುರುವ ಕೋಶ) ಜಾಸ್ತಿ ಇದ್ದರೆ, ಅಥವಾ ಮೂರ್ನಾಲ್ಕು ಬಗೆಯ ಬ್ಯಾಕ್ಟೀರಿಯಾ ಒಟ್ಟಿಗೆ ಬೆಳೆದಿದ್ದರೆ ಹೊರಗಿನ ಬೆರಕೆಯ ಗುಮಾನಿ ಬರಬೇಕು. ಒಂದೇ ಬಗೆ ಬೆಳೆದರೂ, ಅದು ನಿಜಕ್ಕೂ ಮೂತ್ರಕೋಶದ್ದೇ ಆದರೂ, ಲಕ್ಷಣವಿಲ್ಲದವರಿಗೆ ಸಾಮಾನ್ಯವಾಗಿ ಔಷಧ ಬೇಕಿಲ್ಲ. ಗರ್ಭಿಣಿಯರು, ಮೂತ್ರಾಂಗದ ಆಪರೇಷನ್‌ಗೆ ಹೊರಟವರ ಮಾತು ಬೇರೆ. ಮಾತ್ರೆ ಬರೆದಾಗಲೇ ಕೇಳಿ: "ಡಾಕ್ಟ್ರೇ, ನನಗೆ ಏನೂ ತೊಂದರೆ ಇಲ್ಲ, ಇನ್ನೊಂದು ಸ್ಯಾಂಪಲ್ ಕೊಟ್ಟು ನೋಡೋಣವಾ?" ಮಾತ್ರೆ ನುಂಗಿದ ಮೇಲೆ ಕೊಟ್ಟ ಸ್ಯಾಂಪಲ್ಲು ನಂಬುವಂತಿರದು.

ಆ ಭೇದಿಗೆ ಬರೋಣ. ಆ್ಯಂಟಿಬಯೋಟಿಕ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ತೆರವಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡಬಹುದು. ಕೋರ್ಸ್ ಮುಗಿದು ವಾರಗಳಾದ ಮೇಲೂ ಇದು ಬರುವುದುಂಟು. ದಿನಕ್ಕೆ ಮೂರು ಸಲ ಅಥವಾ ಹೆಚ್ಚು ನೀರಾಗಿ ಹೋದರೆ ಭೇದಿ ಕಟ್ಟುವ ಮಾತ್ರೆ ನೀವೇ ನುಂಗಬೇಡಿ. ಡಾಕ್ಟರಿಗೆ ಆ್ಯಂಟಿಬಯೋಟಿಕ್‌ನ ಹೆಸರು, ಶುರು ಮಾಡಿದ ತಾರೀಕು ಎರಡನ್ನೂ ಹೇಳಿ.